ಇಪ್ಪತ್ತಮೂರು ಅಂಗುಲದ ಬಾಗಿಲು

"ಒಂದ್ ಅಂಗುಲಾನೂ ಅಗಲ ಮಾಡೋ ಹಾಗಿಲ್ಲ," ಎಂದ ಆಡ್ರಿಯನ್ ಪಿಮ್, ಓಕ್ ಮರದ ಬಾಗಿಲುವಾಡವನ್ನು ಬೆರಳ ತುದಿಯಿಂದ ಸವರುತ್ತ. "ಸಾವಿರದ ಆರುನೂರ ಹತ್ತರ ಕೆಲಸ ಮೇಡಂ. ಈ ದ್ರಾಕ್ಷಿಬಳ್ಳಿ ಕೆತ್ತನೆ ನೋಡಿ. ಇಂಥ ಕೈ ಈಗೆಲ್ಲಿ ಹುಟ್ಟುತ್ತೆ?"

ಪಿಮ್ ಜಿಲ್ಲಾ ಮಂಡಳಿಯ ಪಾರಂಪರಿಕ ಕಟ್ಟಡಗಳ ಅಧಿಕಾರಿ. ಥಾರ್ನ್‌ಕೊಟ್ ಹಾಲ್ ಎಂಬ ಈ ಹಳೆಯ ಬಂಗಲೆಯ ಗೋಡೆ, ಬಾಗಿಲು, ಕಿಟಕಿ ಯಾವುದನ್ನು ಬದಲಿಸಬೇಕಿದ್ದರೂ ಅವನ ಒಪ್ಪಿಗೆ ಬೇಕು. ಒಡತಿ ಹಿಲರಿ ಟ್ರಸ್ಕಟ್ ಕುದುರೆಯಿಂದ ಬಿದ್ದು ಗಾಲಿಕುರ್ಚಿ ಹಿಡಿದು ಹತ್ತು ತಿಂಗಳಾಗಿತ್ತು. ಕುರ್ಚಿಯ ಅಗಲ ಇಪ್ಪತ್ತಾರು ಅಂಗುಲ, ಬಾಗಿಲಿನದು ಇಪ್ಪತ್ತಮೂರು. ಮಲಗುವ ಕೋಣೆ ಬಾಗಿಲಿನ ಈಚೆ, ಊಟದ ಮನೆ ಆಚೆ.

"ಹಾಗಾದ್ರೆ ನಾನು ಊಟಕ್ಕೆ ಹೋಗೋದು ಹೇಗಪ್ಪಾ?"

"ಈಗ ಹೇಗೆ ಹೋಗ್ತಿದೀರಿ?"

"ಹೊರಗೆ ಹೋಗಿ, ಲಾಯ ಸುತ್ತಿ, ಈ ಮಳೇಲಿ ಛತ್ರಿ ಹಿಡ್ಕೊಂಡು. ಸೂಪು ಬಟ್ಟಲಿಗೆ ಬೀಳೋ ಹೊತ್ತಿಗೆ ನಾನೇ ಅರ್ಧ ಸೂಪಾಗಿರ್ತೀನಿ. ಲೆನ್, ಅಳತೆಪಟ್ಟಿ ಹಿಡ್ಕೊಂಡು ಕಂಬದ ಹಾಗೆ ನಿಂತಿದೀಯಲ್ಲ, ನೀನಾದ್ರೂ ಏನಾದ್ರೂ ಹೇಳಯ್ಯ!"

ಊರಿನ ಬಡಗಿ ಲೆನ್ ಬ್ಯಾಗ್‌ಶಾನಿಗೆ ಹೇಳಲು ಒಂದು ವಿಷಯವಿತ್ತು. ಆ ಬಾಗಿಲುವಾಡವನ್ನು ಮಾಡಿದವನು ಅವನ ಅಪ್ಪ. ಯಾರೋ ಪಂಡಿತರು ಬಂದು ಭೂತಗನ್ನಡಿಯಲ್ಲಿ ಅದನ್ನು ನೋಡಿ ಬೆರಗಾದರೆಂದು ಸುದ್ದಿ ಬಂದಾಗಲೆಲ್ಲ ಅಪ್ಪ ಭಾನುವಾರದ ಊಟದಲ್ಲಿ ಆಲೂಗಡ್ಡೆ ಗಂಟಲಿಗೆ ಸಿಕ್ಕುವಷ್ಟು ನಗುತ್ತಿದ್ದ. ಈಗ ಬಾಯಿ ಬಿಟ್ಟರೆ ಅಪ್ಪನ ಕೈಯ ಅತ್ಯುತ್ತಮ ಕೆಲಸ ಕಿತ್ತುಹೋಗುತ್ತದೆ. ಜೊತೆಗೆ, ಸತ್ತು ಮಣ್ಣಾದ ಮನುಷ್ಯ ಕಾಯ್ದೆ ಮುರಿದವನಾಗುತ್ತಾನೆ. ಲೆನ್ ಹಿಲರಿಯ ಒದ್ದೆ ಮೊಣಕಾಲುಗಳನ್ನು ನೋಡಿದ. ಜೇಬಿನಿಂದ ತೆಳುವಾದ ಉಳಿ ತೆಗೆದ.

"ಏಯ್, ಮುಟ್ಟಬೇಡಿ ಅದನ್ನ!"

"ನಮ್ಮಪ್ಪ ಮಾಡಿದ್ದು ಸಾರ್. ನಾನು ಮುಟ್ಟಬಹುದು."

ಪಕ್ಕದ ಪಟ್ಟಿ ಸಲೀಸಾಗಿ ಬಿಚ್ಚಿಬಂತು. ಅದರ ಬೆನ್ನ ಮೇಲೆ ಸೀಸದ ಕಡ್ಡಿಯ ಅಕ್ಷರಗಳು. ಅಲ್ಲಿನ ಬಡಗಿಗಳು ಗೋಡೆಗೆ ಅಂಟುವ ಮೈಮೇಲೆ ಹೆಸರು, ತಾರೀಖು, ಆ ದಿನದ ಸಮಾಚಾರ ಬರೆದೇ ಮೊಳೆ ಹೊಡೆಯುತ್ತಾರೆ. ಪಿಮ್ ಕನ್ನಡಕ ಏರಿಸಿ ಓದಿದ: 'ಹ್ಯಾರಲ್ಡ್ ಬ್ಯಾಗ್‌ಶಾ, ೧೪ ಫೆಬ್ರವರಿ ೧೯೭೯. ಮೊಣಕಾಲುದ್ದ ಹಿಮ. ಮನೆಯೊಡತಿ ದೊಡ್ಡಮ್ಮನವರಿಗೆ ಕಾಲಿಗೆ ಗಾಳಿ ಹೊಡೆಯುತ್ತದಂತೆ, ಬಾಗಿಲನ್ನು ಅರ್ಧ ಮಾಡಿದೆ. ಮರ, ಹಳೇ ಹಂದಿಗೂಡಿನದು.'

"ಹಂದಿಗೂಡು," ಎಂದ ಪಿಮ್. ಇನ್ನೊಮ್ಮೆ ಓದಿದ. ಕಿವಿಗಳು ಕೆಂಪಗಾದವು. ಆಮೇಲೆ ಅವನೊಳಗಿನ ಅಧಿಕಾರಿ ಚೇತರಿಸಿಕೊಂಡ.

"ಈ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ್ದು ಐವತ್ತೆರಡರಲ್ಲಿ. ಎಪ್ಪತ್ತೊಂಬತ್ತರಲ್ಲಿ ಒಪ್ಪಿಗೆ ಇಲ್ಲದೆ ಕಿರಿದು ಮಾಡಿದಾರೆ ಅಂದ್ರೆ ಅಪರಾಧ. ಇದಕ್ಕೆ ಕಾಲಮಿತಿ ಇಲ್ಲ ಮೇಡಂ. ಮಾಡಿದವರು ಯಾರೇ ಇರಲಿ, ಸರಿಪಡಿಸೋ ಹೊಣೆ ಈಗಿನ ಒಡೆಯರದು. ಮೊದಲು ಹೇಗಿತ್ತೋ ಹಾಗೇ ಮಾಡಿಸಬೇಕು. ನೋಟಿಸ್ ಕಳಿಸ್ತೀನಿ."

"ಮೊದಲು ಹೇಗಿತ್ತಂತೆ?" ಹಿಲರಿಯ ದನಿ ಸಣ್ಣಗಾಗಿತ್ತು.

ಪಟ್ಟಿ ಬಿಚ್ಚಿದ ಕಡೆ ಹಳೆಯ ಕಲ್ಲಿನ ಅಂಚು ಕಾಣುತ್ತಿತ್ತು. ಲೆನ್ ಅಲ್ಲಿಂದ ಎದುರಿನ ಕಲ್ಲಿನವರೆಗೆ ಅಳತೆಪಟ್ಟಿ ಎಳೆದ.

"ನಾಲ್ಕಡಿ, ಅಮ್ಮಾವ್ರೇ."

ಹಿಲರಿ ತನ್ನ ಕುರ್ಚಿಯ ಅಗಲವನ್ನು ಕಣ್ಣಲ್ಲೇ ಅಳೆದಳು.

"ಶಿಕ್ಷೆ ಅಂದಮೇಲೆ ಶಿಕ್ಷೆ. ಅನುಭವಿಸ್ಲೇಬೇಕು," ಎಂದಳು ಹಿಲರಿ, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು. "ಲೆನ್, ನೋಟಿಸ್ ಬಂದ ದಿನಾನೇ ಶುರುಮಾಡು. ದ್ರಾಕ್ಷಿಬಳ್ಳಿ ನಿಮ್ಮನೆಗೆ ತಗೊಂಡು ಹೋಗು."

ಪಿಮ್ ಮನೆಯ ಕಡತ ಬಿಚ್ಚಿದ. ಪೂರ್ವದ ಗೋಪುರ ಎಬ್ಬಿಸಿದ ಒಡೆಯ, ಕಿಟಕಿ ತೆರಿಗೆಗೆ ಹೆದರಿ ಹನ್ನೊಂದು ಕಿಟಕಿ ಮುಚ್ಚಿಸಿದ ಒಡೆಯ, ಅವನ್ನು ಮತ್ತೆ ತೆಗೆಸಿದ ಮೊಮ್ಮಗ, ಎಲ್ಲರೂ ಅದರಲ್ಲಿದ್ದರು. ಹೊಸ ಹಾಳೆಯ ಮೇಲೆ 'ಕಾಯ್ದೆ ಉಲ್ಲಂಘಿಸಿದವರು' ಎಂಬಲ್ಲಿ ಅವನು ಪೆನ್ನು ಊರಿದ.

"ಹ್ಯಾರಲ್ಡ್ ಬ್ಯಾಗ್‌ಶಾ," ಎಂದ ಲೆನ್, ಟೋಪಿ ತೆಗೆದು. "ಬಡಗಿ ಅಂತಲೂ ಬರೀರಿ ಸಾರ್."

ನಾನೂರು ವರ್ಷದ ಚರಿತ್ರೆಯಿದ್ದ ಆ ಕಡತದಲ್ಲಿ ಉಳಿ ಹಿಡಿದವನೊಬ್ಬನ ಹೆಸರು ಬಂದದ್ದು ಅದೇ ಮೊದಲು.