ಸಂಖ್ಯೆ ನಲವತ್ತೊಂದು

ಸಂಖ್ಯೆ ನಲವತ್ತೊಂದು ಸಾಯುತ್ತಿದ್ದಾಳೆ ಎಂದು ಮೋಕ್ಷಿತಾಳಿಗೆ ಖಾತ್ರಿಯಾಯಿತು.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಅವಳದು ಪಿಎಚ್‌ಡಿ. ಯಾವ ಹೆಂಗಸರಿಗೆ ಆಸ್ಪತ್ರೆ ಎಟಕುವುದಿಲ್ಲ, ಏಕೆ? ಅದಕ್ಕಾಗಿ ಫೇಸ್‌ಬುಕ್‌ನ ಮಹಿಳಾ ಗುಂಪೊಂದರ ಪೋಸ್ಟ್‌ಗಳನ್ನು ಓದುತ್ತಿದ್ದಳು. ಹೆಸರು, ಊರು ಅಳಿಸಿ ಒಂದೊಂದು ಖಾತೆಗೆ ಒಂದೊಂದು ಸಂಖ್ಯೆ ಕೊಟ್ಟಾಗಿತ್ತು. ಯಾರೆಂದು ಹುಡುಕಲೇಬಾರದು ಎಂಬುದು ಗೈಡ್ ಹಾಕಿದ ಕಟ್ಟಪ್ಪಣೆ.

ನಲವತ್ತೊಂದು ಜನವರಿಯಲ್ಲಿ ಬರೆದಿದ್ದಳು: ಎದೆಯಲ್ಲಿ ಗಂಟು ಉಂಟು, ನೋವಿಲ್ಲ. ಫೆಬ್ರವರಿಯಲ್ಲಿ: ಮುಟ್ಟು ನಿಂತು ಆರು ವರ್ಷ, ಈಗ ಮತ್ತೆ ರಕ್ತ. ಮೊನ್ನೆ: ಕಫದಲ್ಲಿ ಕೆಂಪು, ಮನೆಯಲ್ಲಿ ಹೇಳುವ ಧೈರ್ಯವಿಲ್ಲ.

ಒಂದೇ ದೇಹಕ್ಕೆ ಇಷ್ಟೊಂದು! ಅದಕ್ಕಿಂತ ಹೆಚ್ಚು ಹೆದರಿಸಿದ್ದು ಪ್ರತಿ ಪೋಸ್ಟಿನ ಮೊದಲ ಸಾಲು: "ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ." ಮೆಸೇಜಿಗೂ ಕಾಗದದ ಒಕ್ಕಣೆ ಹಾಕುವವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಸಿದ್ಧಕಟ್ಟೆಯಲ್ಲಿರುವ ಅಮ್ಮ, ಅಮ್ಮಣಿ.

ಕಟ್ಟಪ್ಪಣೆ ಗಾಳಿಗೆ ಹೋಯಿತು. ಮೋಕ್ಷಿತಾ ಸಿದ್ಧಕಟ್ಟೆಯ ಬಸ್ಸು ಹತ್ತಿದಳು. ಕಳೆದ ವಾರ ಫೋನಿನಲ್ಲಿ ಅಮ್ಮ ಕೆಮ್ಮಿದ್ದಳೇ? ಕೆಮ್ಮಿದ್ದಳು. ತಾನು ಪರೀಕ್ಷೆಯ ಗಡಿಬಿಡಿಯಲ್ಲಿ ಫೋನಿಟ್ಟುಬಿಟ್ಟಿದ್ದಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಮನೆಯ ಜಗಲಿಯಲ್ಲಿ ನೆರೆಯ ಹೆಂಗಸರು ಎಂದಿನಂತೆ ಬೀಡಿ ಕಟ್ಟುತ್ತಿದ್ದರು. ನಡುವೆ ಅಮ್ಮ, ಮಡಿಲಲ್ಲಿ ಬೀಡಿ ಎಲೆಯ ಗೆರಸೆ. ಮೋಕ್ಷಿತಾ ಅವಳನ್ನು ಕೈಹಿಡಿದು ಬಾಗಿಲೊಳಗೆ ಎಳೆದಳು. ಪೋಸ್ಟ್ ತೋರಿಸಿದಳು.

"ಇದು ನೀನಲ್ವಾ ಬರೆದದ್ದು?"

ಅಮ್ಮಣಿಯ ಮುಖ ಬಿಳಿಚಿತು. "ನಿನಗೆ ಹೇಗೆ ಸಿಕ್ಕಿತು? ಯಾರಿಗೂ ಗೊತ್ತಾಗುವುದಿಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರಿಗೆ ಅಮ್ಮ? ಸತ್ತು ಹೋಗ್ತಿ ನೀನು!" ಮೋಕ್ಷಿತಾ ಅತ್ತೇಬಿಟ್ಟಳು. "ಈಗಲೇ ಆಸ್ಪತ್ರೆಗೆ ಹೋಗುವ. ರಿಕ್ಷಾ ಕರೀತೇನೆ."

ಅಮ್ಮಣಿ ಸೆರಗಿನಿಂದ ಮಗಳ ಕಣ್ಣು ಒರೆಸಿದಳು.

"ಹೋಗುವ. ಆದರೆ ರಿಕ್ಷಾ ಸಾಕಾಗ್ಲಿಕ್ಕಿಲ್ಲ ಮಗಾ, ಜೀಪಿಗೆ ಹೇಳು. ನನಗೆ ಎಂತದ್ದೂ ಇಲ್ಲ. ಇಲ್ಲಿ ಫೋನ್ ಇರುವುದು ನನಗೊಬ್ಬಳಿಗೆ. ಜಗಲಿಯಲ್ಲಿ ಕೂತವರು ಹೇಳ್ತಾರೆ, ನಾನು ಬರೀತೇನೆ."

ಮೋಕ್ಷಿತಾ ಜಗಲಿಯತ್ತ ತಿರುಗಿದಳು. ಅವಳು ಒಬ್ಬಳೆಂದು ಎಣಿಸಿದ್ದ ಸಂಖ್ಯೆ ನಲವತ್ತೊಂದು, ಏಳು ಮಂದಿಯಾಗಿ, ಕೈಯ ಬೀಡಿ ಬಿಟ್ಟು ಅವಳನ್ನೇ ನೋಡುತ್ತಿತ್ತು.