ಸೀರೆ ಹೊದ್ದ ಧಾತಕಿ

ಕೈಯಲ್ಲಿರುವ ಕೆಲಸ ಒಂದು ಗಳಿಗೆ ಬಿಡಿ, ಇದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ. ಶಿಕಾರಿಪುರದ ಒಂದು ಮನೆಯ ಅಂಗಳದಲ್ಲಿ ವಾಗ್ದೇವಿ ಕತ್ತಿ ಎತ್ತಿ ನಿಂತಿದ್ದಳು. ಅವಳ ಮಗಳು ಅರ್ಚಿತಾ ಒಂದು ಬೋಳು ಗಿಡವನ್ನು ಬೆನ್ನ ಹಿಂದೆ ಹಾಕಿಕೊಂಡು, ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

“ಆಚೆ ಸರಿಯೇ. ನಾಳೆ ನಿನ್ನ ನೋಡೋಕೆ ಆನವಟ್ಟಿಯಿಂದ ಬರ್ತಿದಾರೆ. ಗೇಟು ತೆಗೀತಿದ್ದಂಗೆ ಒಣಗಿದ ಗಿಡ ಕಣ್ಣಿಗೆ ಬಿದ್ರೆ ಏನಂದ್ಕೊಂಡಾರು?”

“ಒಣಗಿಲ್ಲಮ್ಮ, ಎಲೆ ಉದುರ್ಸಿದೆ ಅಷ್ಟೆ. ಇಲ್ನೋಡು, ತುಂಬ ಮೊಗ್ಗು, ಇವತ್ತೋ ನಾಳೆಯೋ ಬಿರಿಯುತ್ತೆ.”

“ಕನ್ನಡಕ ಹಾಕ್ಕೊಂಡ್ರೂ ನಂಗೆ ಬರೀ ಕಡ್ಡಿನೇ ಕಾಣ್ಸೋದು.”

“ಆ ಕಡ್ಡೀಲೇ ಹೂ ಬಿಡೋದು! ವರ್ಷಾ ವರ್ಷಾ ಕಡ್ಡಿ ಕಡೀತೀಯ, ಆಮೇಲೆ ಹೂ ಬಿಡ್ಲಿಲ್ಲ ಅಂತ ಗಿಡಕ್ಕೇ ಬೈತೀಯ.”

ಅದು ಧಾತಕಿ. ಸೊರಬದ ಕಡೆ ರಸ್ತೆ ಅಗಲ ಮಾಡುವಾಗ ಜೆಸಿಬಿ ಗುಡ್ಡದಿಂದ ಬಗೆದು ಹಾಕಿದ್ದ ಸಸಿ. ಅರ್ಚಿತಾ ಸ್ಕೂಟಿಯಲ್ಲಿ ಕಾಲ ಬಳಿ ಇಟ್ಟುಕೊಂಡು ತಂದು ನೆಟ್ಟಿದ್ದಳು. ಬಂಡೆಯ ಸಂದಿಯಲ್ಲಿ ಬದುಕುವ ಗಿಡ ಅಂಗಳದಲ್ಲೂ ಬದುಕಿತು. ಆದರೆ ಚಳಿಗೆ ಎಲೆ ಉದುರುತ್ತಿದ್ದಂತೆ, ಬಾಗಿಲ ಮುಂದೆ ಒಣಗಿದ್ದು ಇರಬಾರದೆಂದು ವಾಗ್ದೇವಿ ಸಂಕ್ರಾಂತಿಗೆ ಮನೆ ಗುಡಿಸಿ ಸಾರಿಸುವುದರ ಜೊತೆಗೆ ಇದನ್ನೂ ಮೊಣಕಾಲೆತ್ತರಕ್ಕೆ ಸವರಿಬಿಡುತ್ತಿದ್ದಳು. ಈ ಸಂಕ್ರಾಂತಿಗೆ ಅವಳ ಸೊಂಟ ಹಿಡಿದುಕೊಂಡಿತ್ತು, ಗಿಡ ಉಳಿದುಕೊಂಡಿತ್ತು.

“ಕಡಿ ಹಂಗಾದ್ರೆ. ನಾಳೆ ತಟ್ಟೆ ಹಿಡ್ಕೊಂಡು ನೀನೇ ಬಾ ಹೊರಗೆ. ನಾನಂತೂ ಬರಲ್ಲ,” ಎಂದಳು ಅರ್ಚಿತಾ.

ಕತ್ತಿ ಕೆಳಗಿಳಿಯಿತು. ವಾಗ್ದೇವಿ ಒಳಗೆ ಹೋಗಿ ಹಳೆಯ ನೂಲಿನ ಸೀರೆಯೊಂದನ್ನು ತಂದು, ಒಣ ಹಾಕಿದ ಹಾಗೆ ಗಿಡದ ಮೇಲೆ ಹರಡಿದಳು. ಕಡ್ಡಿಯೂ ಕಾಣದು, ಮಗಳೂ ಮುನಿಯಳು.

ಭಾನುವಾರ ಬಂದವರು ಇಬ್ಬರೇ. ಆನವಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಅನಂತ ಮತ್ತು ಅವನ ಅಜ್ಜಿ ಬಂಗಾರಮ್ಮ. ಅಜ್ಜಿ ಒಪ್ಪಿದರೆ ಇಡೀ ಮನೆ ಒಪ್ಪಿದ ಹಾಗೆ. ಆ ಅಜ್ಜಿ ಗೇಟು ದಾಟಿದವರೇ ಕೋಲೂರಿ ನಿಂತುಬಿಟ್ಟರು.

“ಇದೆಂತದು ಮಾರಾಯ್ತಿ, ನಿನ್ನ ಸೀರೆಗೆ ಜೇನು ಮುತ್ತಿದ್ಯಲ್ಲ?”

“ಅದಾ... ಒಗೆದು ಒಣ ಹಾಕಿದ್ದೆ ಅಮ್ಮಾ. ಒಳಗೆ ಬರ್ರಿ, ಕಾಫಿ ಆರಿ ಹೋಗುತ್ತೆ.”

ಬಂಗಾರಮ್ಮ ಸೆರಗು ಮುಟ್ಟಿ ನೋಡಿದರು. “ಒಣಗಿದ ಸೀರೆನ ಇನ್ನೆಷ್ಟು ಒಣಗಿಸ್ತಿ?”

ಅಷ್ಟರಲ್ಲಿ ಸೀರೆಯ ಅಂಚಿನಡಿಯಿಂದ ಮಕರಂದ ಹೀರುವ ಒಂದು ಪುಟ್ಟ ಸೂರಕ್ಕಿ ಪುರ್ರನೆ ಹೊರಗೆ ಹಾರಿತು. ಅಜ್ಜಿ ಕೋಲಿನ ತುದಿಯಿಂದ ಸೀರೆಯನ್ನು ಎತ್ತಿ ಆಚೆ ಎಸೆದರು.

ಒಂದೇ ಒಂದು ಎಲೆಯಿಲ್ಲ. ಬುಡದಿಂದ ತುದಿಯವರೆಗೆ ಪ್ರತಿ ಕಡ್ಡಿಗೂ ಕೆಂಪು ಹೂವು ಸಾಲುಗಟ್ಟಿ ಕೂತಿತ್ತು, ಕೆಂಡ ಊದಿದ ಹಾಗೆ. ವಾಗ್ದೇವಿ ಬಾಯಿ ತೆರೆದವಳು ಮುಚ್ಚಲಿಲ್ಲ. ಬಂಗಾರಮ್ಮ ಒಂದು ಹೂ ಕಿತ್ತು ಜಗಲಿಕಟ್ಟೆಯ ಮೇಲೆ ಕೂತೇಬಿಟ್ಟರು, ಅದನ್ನು ಬಾಯಿಗಿಟ್ಟು ಚೀಪಿದರು.

“ಕ್ಯಾಸನೂರು ಕಡೆ ನಮ್ಮ ತವರು. ಶಾಲೆಗೆ ಹೋಗ್ತಾ ಗುಡ್ಡ ಹತ್ತಿ ಇದ್ನೇ ಚೀಪ್ತಿದ್ವಿ. ಎಷ್ಟೋ ದಿನ ಶಾಲೆ ಮುಟ್ತಾನೇ ಇರ್ಲಿಲ್ಲ! ಇದ್ರ ಕಥೆ ಮುಗೀತು ಅಂದ್ಕೊಂಡಿದ್ದೆ. ತಂದೋರು ಯಾರು?”

“ನಾನೇ ಅಜ್ಜಿ.” ಕೇಸರಿಬಾತಿನ ತಟ್ಟೆ ಹಿಡಿದು ಅರ್ಚಿತಾ ಬಾಗಿಲಲ್ಲಿ ನಿಂತಿದ್ದಳು.

“ನಮ್ಮನೇಲಿ ಮೊದ್ಲಿಂದ್ಲೂ ಗಿಡ ಅಂದ್ರೆ ಜೀವ ನೋಡ್ರಿ,” ಎನ್ನುತ್ತ ವಾಗ್ದೇವಿ, ಗೋಡೆಗೆ ಒರಗಿದ್ದ ಕತ್ತಿಯನ್ನು ಕಾಲಿನಿಂದ ತುಳಸಿಕಟ್ಟೆಯ ಹಿಂದಕ್ಕೆ ತಳ್ಳಿದಳು.

ಕಾಫಿ ಮುಗಿಯಿತು. “ನಂಗೆ ಹುಡುಗಿ ಒಪ್ಪಿಗೆ. ನಿಂಗೆ ಎಂತಾರೂ ಕೇಳೋದಿದ್ರೆ ಕೇಳು ಮಾರಾಯ,” ಎಂದು ಅಜ್ಜಿ ಮೊಮ್ಮಗನನ್ನು ತಿವಿದರು. ಅನಂತನ ಕಿವಿ ಆ ಹೂವಿನ ಬಣ್ಣಕ್ಕೆ ತಿರುಗಿತು. “ನಂಗೇನಿಲ್ಲ. ಅವ್ರಿಗೇ ಏನಾದ್ರೂ...”

“ನಿಮ್ಮನೇಲಿ ಮಣ್ಣಿದೆಯಾ?” ಎಂದಳು ಅರ್ಚಿತಾ.

“ಮಣ್ಣಾ?”

“ಹೂಂ. ಅಂಗಳದಲ್ಲಿ.”

“ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕ್ಸಿದೀವಿ. ಹೋದ ದೀಪಾವಳೀಲಿ.”

“ನಾ ಬ್ಯಾಡ ಅಂದೆ,” ಎಂದು ಅಜ್ಜಿ ಮೂಗು ಮುರಿದರು.

“ನಾನೆಲ್ಲಿಗೆ ಹೋದ್ರೂ ಇದ್ರದೊಂದು ಸಸಿ ಬರುತ್ತೆ. ಚಳಿಗೆ ಬೋಳಾಗುತ್ತೆ, ನೋಡೋಕೆ ಚೆನ್ನಾಗಿರಲ್ಲ. ಆಗ ಯಾರೂ ಕತ್ತಿ ಹಿಡ್ಕೊಂಡು ಬರಬಾರ್ದು,” ಎಂದಳು ಅರ್ಚಿತಾ. ಅನಂತ ಗಿಡದ ಬುಡವನ್ನೊಮ್ಮೆ ನೋಡಿದ. ಚಪ್ಪಲಿ ಮೆಟ್ಟಿ, ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಬೈಕು ಹೊರಡಿಸಿದ.

“ಸಂಬಂಧ ಕೇಳೋ ಹೊತ್ತಲ್ಲಿ ಯಾರಾದ್ರೂ ಮಣ್ಣು ಕೇಳ್ತಾರೇನೇ!” ವಾಗ್ದೇವಿ ಅವತ್ತು ಇಡೀ ಸಂಜೆ ಹಣೆ ಚಚ್ಚಿಕೊಂಡಳು.

ಮಂಗಳವಾರ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಗೇಟಿನ ಬಳಿ ಸೇರಿದ್ದರು. “ದೂರ ನಿಂತು ನೋಡ್ರೇ. ಕಡ್ಡೀಲೇ ಹೂ ಬಿಡೋ ಗಿಡ ಇದು, ಕಡೀಬಾರ್ದು,” ಎಂದು ವಾಗ್ದೇವಿ ಪಾಠ ಹೇಳುತ್ತಿದ್ದಳು. ಅಷ್ಟರಲ್ಲಿ ಒಳಗೆ ಅರ್ಚಿತಾಳ ಮೊಬೈಲು ಸದ್ದು ಮಾಡಿತು. ಒಂದು ಫೋಟೊ. ಬೂದುಬಣ್ಣದ ಇಂಟರ್‌ಲಾಕ್ ಅಂಗಳ. ಬಾಗಿಲಿಗೆ ನೇರ ಎದುರಿಗೆ ಕಲ್ಲು ಕಿತ್ತು ತೋಡಿದ ಗುಂಡಿ, ಪಕ್ಕದಲ್ಲಿ ಕೆಮ್ಮಣ್ಣಿನ ಗುಡ್ಡೆ, ಕುರ್ಚಿ ಹಾಕಿಕೊಂಡು ಕೋಲೂರಿ ಕಾವಲು ಕೂತ ಬಂಗಾರಮ್ಮ. ಕೆಳಗೆ ಅನಂತ ಬರೆದಿದ್ದ: “ಇಷ್ಟು ಆಳ ಸಾಕಾ?”

ಅರ್ಚಿತಾ ಫೋಟೊ ದೊಡ್ಡದು ಮಾಡಿ ನೋಡಿದಳು. ಆಳ ಸಾಕಿತ್ತು. ‘ಸಾಕು’ ಎಂದು ಬರೆದಳು, ಅಳಿಸಿದಳು. ‘ಇನ್ನೊಂದು ಚೂರು’ ಎಂದು ಬರೆದಳು, ನಕ್ಕು ಅದನ್ನೂ ಅಳಿಸಿದಳು. ಅತ್ತ ಅನಂತ ಕೈಯ ಮಣ್ಣು ಸಹ ತೊಳೆಯದೆ ಉತ್ತರಕ್ಕೆ ಕಾಯುತ್ತಿದ್ದಾನೆ. ನೀವಾಗಿದ್ದರೆ ಏನೆಂದು ಬರೆಯುತ್ತಿದ್ದಿರಿ?