ಮೂರನೇ ಸಲ

ಈಶಪ್ಪನಿಗೆ ನಯವಿರಲಿಲ್ಲ. ಉರ್ದು ಮಿಡ್ಲು ಪರೀಕ್ಷೆ ಪಾಸಾಗಿದ್ದ, ಅಕ್ಷರ ಮುತ್ತಿನಂತಿತ್ತು. ಆದರೆ ಕುಷ್ಟಗಿಯ ವಕೀಲರು ಗುಮಾಸ್ತಿಕೆಗೆ ಕರೆಸಿ, ಮಾತಿಗೆ "ಊಟ ಮಾಡ್ತೀಯೇನು?" ಎಂದಾಗ, "ಹೂಂರಿ" ಎಂದು ಎಲೆಯ ಮುಂದೆ ಕುಳಿತುಬಿಟ್ಟ. ಉಂಡದ್ದೇ ಬಂತು. ನೌಕರಿ ಬರಲಿಲ್ಲ.

ತಾಯಿ ಶೇಖರಮ್ಮ ಒಂದು ತಿಂಗಳು ಪಾಠ ಹೇಳಿದಳು. "ಕೇಳಿದ ಕೂಡ್ಲೇ ಬಾಯಿ ತಗೀಬ್ಯಾಡ. ಎರಡು ಸಲ ಬ್ಯಾಡನ್ನು. ಮೂರನೇ ಸಲಕ್ಕ ತಗೋ. ಅದು ಮಾನವಂತರ ಲಕ್ಷಣ." ರೊಟ್ಟಿಯನ್ನೂ ಮೂರನೇ ಸಲಕ್ಕೇ ಕೊಟ್ಟಳು. ಹಸಿದವನು ಬೇಗ ಕಲಿತ.

ಕೊಪ್ಪಳದ ಹೊಸ ಅರಳೆ ಕಾರ್ಖಾನೆಗೆ ಗುಮಾಸ್ತ ಬೇಕಿತ್ತು. ಮ್ಯಾನೇಜರು ಹೈದರಾಬಾದಿನವರು, ಬಂದು ತಿಂಗಳಾಗಿತ್ತು. ಅವರ ಕೋಣೆಯ ಜವಾನ ಮಲಿಕಸಾಬ, ಈಶಪ್ಪನ ಸಾಲೆಯ ಗೆಳೆಯ.

"ಲೇ ಈಶ್ಯಾ, ಇವತ್ತರ ಬಾಯಿ ಸಂಭಾಳಿಸು," ಎಂದು ನಕ್ಕು ಮಲಿಕಸಾಬ ಒಳಗೆ ಹೋದ. ಬಗ್ಗಿ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಕಿಟಕಿಯಿಂದ ಈಶಪ್ಪನನ್ನು ನೋಡಿದರು. ಈಶಪ್ಪನ ಪಕ್ಕದಲ್ಲಿ ಹುಚ್ಚೀರಪ್ಪ ಸರದಿಗೆ ಕಾದಿದ್ದ. ಅವನು ಮಲಿಕಸಾಬನ ಓಣಿಯವನು. ಈಶಪ್ಪನಿಗೆ ಕಸಿವಿಸಿಯಾಯಿತು.

ಒಳಗೆ ಕರೆದರು. ಸಾಹೇಬರು ಉರ್ದುವಿನಲ್ಲಿ ಒಂದು ಪತ್ರ ಹೇಳಿ ಬರೆಸಿದರು. ಓದಿ ತಲೆದೂಗಿದರು.

"ನಾಳೆಯಿಂದ ಬರುತ್ತೀಯಾ?"

ಈಶಪ್ಪ ಕಣ್ಣು ಕೆಳಗೆ ಹಾಕಿದ. "ಬ್ಯಾಡ್ರಿ ಸಾಹೇಬ್ರ. ನನ್ನಂಥಾವಗ ಯಾಕ್ರಿ?"

ಸಾಹೇಬರು ಮಲಿಕಸಾಬನತ್ತ ನೋಡಿದರು. ಮಲಿಕಸಾಬ ಮುಗುಳ್ನಕ್ಕ.

"ಮತ್ತೊಮ್ಮೆ ಕೇಳುತ್ತೇನೆ. ಬರುತ್ತೀಯಾ?"

"ಬ್ಯಾಡ್ರಿ. ನನಗಿಂತ ಶಾಣ್ಯಾರು ಭಾಳ ಅದಾರ."

ಮಲಿಕಸಾಬನ ನಗು ಆರಿತು. ಈಶಪ್ಪ ಕೈಕಟ್ಟಿ ಮೂರನೆಯದಕ್ಕೆ ಕಾದ. ಸಾಹೇಬರು ಹುಚ್ಚೀರಪ್ಪನನ್ನು ಕರೆದರು.

ಈಶಪ್ಪ ಹೊರಬಿದ್ದ. ಮಲಿಕಸಾಬ ಅವನ ಹಿಂದೆಯೇ ಅಂಗಳಕ್ಕೆ ಓಡಿಬಂದ. ಈಶಪ್ಪ ಅವನ ಅಂಗಿ ಹಿಡಿದ. ಅರಳೆ ತಂದ ಗಾಡಿಯವರೆಲ್ಲ ಸುತ್ತ ನೆರೆದರು.

"ಏನ್ ಊದಿದ್ಯೋ ಅವರ ಕಿವ್ಯಾಗ? ನಿಮ್ಮ ಓಣಿಯವಗ ಕೊಡಿಸಾಕ ನನ್ನ ಕುತ್ತಿಗಿ ಕೊಯ್ದೆಲ್ಲೋ!"

"ಈಶ್ಯಾ, ಹುಚ್ಚಾ, ಒಂದು ಮಾತು ಕೇಳು..."

"ನಿನ್ನ ಮನ್ಯಾಗ ಉಂಡದ್ದಕ್ಕ ನನಗ ಹೇಸಿಗಿ ಬರ್ತೈತಿ." ಅವನ ಕಾಲ ಬಳಿ ಉಗುಳಿದ.

ಮಲಿಕಸಾಬ ಅಂಗಿ ಬಿಡಿಸಿಕೊಂಡ. ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಸ್ವಲ್ಪ ಹೊತ್ತಿಗೆ ಹುಚ್ಚೀರಪ್ಪ ಹೊರಬಂದ. ನೌಕರಿ ಸಿಕ್ಕಿತ್ತು. ಮುಖದಲ್ಲಿ ಗೆಲುವಿಗಿಂತ ಅಚ್ಚರಿಯೇ ಹೆಚ್ಚಿತ್ತು.

"ಈಶಪ್ಪ, ನೀ ಎರಡನೇ ಸಲಾನೂ ಯಾಕ ಬ್ಯಾಡಂದಿ? ಸಾಹೇಬ್ರು ನನಗೂ ಎರಡು ಸಲ ಕೇಳಿದ್ರು, ಎರಡನೇದಕ್ಕ ನಾ ಹೂಂ ಅಂದೆ. ಸಾಹೇಬ್ರೇ ಅಂದ್ರು, ಮಲಿಕ ಆಗ ಅವರ ಕಿವ್ಯಾಗ ಹೇಳಿದ್ದನಂತ: 'ಹೊರಗ ನಿಂತಾನಲ್ರೀ, ಅವ ನನ್ನ ಗೆಳೆಯ. ಮೊದಲ್ನೇ ಸಲ ಬ್ಯಾಡಂದ್ರ ಬಿಡಬ್ಯಾಡ್ರಿ, ನಮ್ಮ ಕಡಿ ಅದು ಮರ್ಯಾದಿ. ಇನ್ನೊಂದು ಸಲ ಕೇಳ್ರಿ.'"

ಒಂದು ನೌಕರಿ, ಒಬ್ಬ ಗೆಳೆಯ: ಈಶಪ್ಪ ಒಂದೇ ದಿನ ಎರಡನ್ನೂ ಕಳಕೊಂಡ.